ಅವನ ಜೊತೆ ಆಡಿದವರು

ನ್ಯೂಯಾರ್ಕ್
ಏಪ್ರಿಲ್ 20, 1952

ಅಕ್ಕಾ,

ಪತ್ರಿಕೆಯಲ್ಲಿ ಓದಿ ಗಾಬರಿಯಾಗುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಈ ವರ್ಷದ ಕರಾರಿಗೆ ನಾನು ಸಹಿ ಹಾಕಲಿಲ್ಲ. ಬೇಸ್‌ಬಾಲ್ ಕ್ಲಬ್ಬಿನ ಮೇಲೆ ಕೋರ್ಟಿಗೆ ಹೋಗಿದ್ದೇನೆ.

ನಿನಗೆ ಗೊತ್ತಿರುವ ಸಂಗತಿಯೇ. ಹದಿನೆಂಟರ ವಯಸ್ಸಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಒಂದು ಸಹಿ ಹಾಕಿದೆ, ನೀನೇ ಪೆನ್ನು ಕೊಟ್ಟೆ. ಅವತ್ತಿನಿಂದ ನಾನು ಅವರ ಸ್ವತ್ತು. ಪ್ರತಿ ಚಳಿಗಾಲ ಟಪಾಲಿನಲ್ಲಿ ಹೊಸ ಕರಾರು ಬರುತ್ತದೆ. ಸಹಿ ಹಾಕಿದರೂ ಅವರ ಆಳು, ಹಾಕದಿದ್ದರೂ ಅವರ ಆಳು. ಅವರ ದೊಡ್ಡ ತಂಡದಲ್ಲಿ ಎಡಗೈ ಎಸೆತಗಾರರು ಬೇಕಾದಷ್ಟಿದ್ದಾರೆ, ಹಾಗಾಗಿ ನನ್ನನ್ನು ಮತ್ತೆ ಕೆಳಗಿನ ಲೀಗಿಗೆ ಕಳಿಸುತ್ತಾರಂತೆ. ಬೇರೆ ಎರಡು ತಂಡದವರು ನನ್ನನ್ನು ಕೇಳಿದರು. ಕೊಡುವುದಿಲ್ಲ ಎಂದರು. ತಾವೂ ಉಣ್ಣುವುದಿಲ್ಲ, ಉಣ್ಣುವವರಿಗೂ ಬಿಡುವುದಿಲ್ಲ. ನನಗೆ ಇಪ್ಪತ್ತೆಂಟಾಯಿತು. ಎಸೆತಗಾರನ ತೋಳು ವೈನಲ್ಲ, ಇಟ್ಟಷ್ಟೂ ರುಚಿಯಾಗುವುದಕ್ಕೆ.

ನನ್ನ ವಕೀಲರ ಹೆಸರು ಏಬಲ್ಸನ್. ಸಿಗಾರಿನ ಬೂದಿಯೆಲ್ಲ ಕೋಟಿನ ಮೇಲೆ ಬೀಳಿಸಿಕೊಳ್ಳುವ ಮನುಷ್ಯ. ಅವರು ಹೇಳುತ್ತಾರೆ, "ಸಕ್ಕರೆ ವ್ಯಾಪಾರಿಗಳು ಒಳಗೊಳಗೇ ಕೂಡ್ಕೊಂಡು ನಿನ್ನ ಗಿರಾಕಿಗೆ ನಾನು ಕೈ ಹಾಕಲ್ಲ, ನನ್ನ ಗಿರಾಕಿಗೆ ನೀನು ಕೈ ಹಾಕ್ಬೇಡ ಅಂದ್ರೆ ವ್ಯಾಪಾರದಲ್ಲಿ ಸಂಚು ಮಾಡಬಾರದು ಅನ್ನೋ ಕಾನೂನಿನ ಕೆಳಗೆ ಸರ್ಕಾರ ಹಿಡಿದು ಕಟಕಟೆಗೆ ನಿಲ್ಲಿಸುತ್ತೆ. ತಂಡದ ಮಾಲೀಕರು ಅದನ್ನೇ ಮಾಡಿದ್ರೆ ಕ್ರೀಡೆ ಅಂತ ಟೋಪಿ ತೆಗೆದು ನಮಸ್ಕಾರ ಮಾಡುತ್ತೆ." ಮೂವತ್ತು ವರ್ಷದ ಹಿಂದೆ ದೊಡ್ಡ ಕೋರ್ಟು ಬೇಸ್‌ಬಾಲ್ ವ್ಯಾಪಾರವಲ್ಲ ಎಂದು ತೀರ್ಪು ಕೊಟ್ಟಿದೆ. ಅದನ್ನು ತಿರುಗಿಸುವುದು ನಮ್ಮ ಕೆಲಸ.

ಅಲ್ಲಿಯವರೆಗೆ ನಾನು ಬಹಿಷ್ಕೃತರ ಪಟ್ಟಿಯಲ್ಲಿ. ಮಾಂಸದ ಮಾರುಕಟ್ಟೆಯಲ್ಲಿ ದನದ ತೊಡೆ ಹೊರುವ ಕೆಲಸ ಸಿಕ್ಕಿದೆ. ಬಲ ಹೆಗಲಿನ ಮೇಲೆ ಮಾತ್ರ ಹೊರುತ್ತೇನೆ.

ಯಾವ ಕಾನೂನಿನ ಮೇಲೆ ದಾವೆ ಹಾಕಿದ್ದೇನೆಂದು ಅಪ್ಪನಿಗೆ ಹೇಳಬೇಡ. ಯಾಕೆಂದು ನಿನಗೆ ಗೊತ್ತು.

ನಿನ್ನ ತಮ್ಮ,
ಎಮಿಲ್


ಹಾರ್ಕರ್ಸ್ ರನ್, ಪೆನ್ಸಿಲ್ವೇನಿಯಾ
ಮೇ 11, 1952

ಎಮಿಲ್,

ಹೇಳಬೇಡ ಎಂದೆ, ನಾನು ಹೇಳಲಿಲ್ಲ. ಪಿಟ್ಸ್‌ಬರ್ಗಿನ ಪತ್ರಿಕೆ ಹೇಳಿತು. ಅಪ್ಪ ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಯಾರೋ ಗಟ್ಟಿಯಾಗಿ ಓದಿದರಂತೆ. ಒಂದು ಕೆನ್ನೆ ಬೋಳು, ಒಂದು ಕೆನ್ನೆ ಸೋಪು, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡೇ ಊರ ಮಧ್ಯದಿಂದ ಮನೆಗೆ ಬಂದ. ನಗಬೇಡ. ನಾನೂ ನಮ್ಮ ಚಿಕ್ಕವನು ರೂಡಿಯೂ ನಗಲಿಲ್ಲ.

"ಓದು ಇದನ್ನ" ಅಂತ ಪತ್ರಿಕೆ ನನ್ನ ಮುಂದೆ ಒಗೆದ. ಓದಿದೆ. ಕಾನೂನಿನ ಹೆಸರು ಬರುತ್ತಲೇ ಕೈ ಅಡ್ಡ ಹಿಡಿದ.

"ಸಾಕು. ಇಪ್ಪತ್ತೇಳನೇ ಇಸವಿ ಮುಷ್ಕರದಲ್ಲಿ ಇದೇ ಕಾನೂನು ಹಿಡ್ಕೊಂಡು ಆ ಜಡ್ಜ್ ಏನಂದ ಗೊತ್ತಾ? ನಮ್ಮ ಯೂನಿಯನ್ನು ಕಳ್ಳರ ಕೂಟ, ಕಲ್ಲಿದ್ದಲು ಬೇರೆ ರಾಜ್ಯಕ್ಕೆ ಹೋಗೋದನ್ನ ಸಂಚು ಮಾಡಿ ತಡೀತಿದೆ ಅಂದ. ಗಣಿ ಹತ್ರ ನಿಂತು ದೇವರ ಹಾಡು ಹಾಡಬಾರದು ಅಂತ ಆರ್ಡರ್ ಬರೆದ. ಹಾಡಿದ್ದಕ್ಕೆ ನನ್ನ ಜೈಲಿಗೆ ಹಾಕಿದ. ಈಗ ನನ್ನ ಮಗ ಅದೇ ದೊಣ್ಣೆ ಎತ್ಕೊಂಡಿದಾನೆ!"

ರೂಡಿ ಬಾಯಿ ಸುಮ್ಮನಿರುವುದಿಲ್ಲವಲ್ಲ. "ದೊಣ್ಣೆ ಯಾರ ಕೈಲಿದ್ರೆ ಅವರದ್ದು ಕಣಪ್ಪಾ. ಈ ಸಲ ದೊರೆ ಬೆನ್ನಿಗೆ ಬೀಳಲಿ ಬಿಡು."

"ದೊರೆ ಬೆನ್ನಿಗೆ ಬಿದ್ದಿದ್ದು ನೀನೆಲ್ಲಿ ನೋಡಿದೀಯ? ಕಲ್ಲಿದ್ದಲು ಅಗೆಯೋದು ವ್ಯಾಪಾರವಂತೆ, ಚೆಂಡು ಹೊಡೆಯೋದು ವ್ಯಾಪಾರ ಅಲ್ಲವಂತೆ. ಟಿಕೆಟ್ ಮಾರೋದೇನು ಪುಣ್ಯಕ್ಕಾ? ಆ ಕಾನೂನಿಗೆ ಒಂದೇ ಕಣ್ಣು ಕಣೋ. ಅದು ಕಾಣೋದು ನಮ್ಮನ್ನ ಮಾತ್ರ."

ಆಮೇಲೆ ಕೆಮ್ಮು ಹತ್ತಿತು, ಮಾತು ನಿಂತಿತು. ಕೆಮ್ಮು ಈಗ ಮೊದಲಿಗಿಂತ ಜಾಸ್ತಿ.

ಆ ಚಳಿಗಾಲ ನಿನಗೆ ಮೂರು ವರ್ಷ, ನೆನಪಿರಲಿಕ್ಕಿಲ್ಲ. ಕಂಪನಿ ಮನೆ ಖಾಲಿ ಮಾಡಿಸಿತು. ಯೂನಿಯನ್ನಿನವರು ಹಲಗೆ ಹೊಡೆದು ಕಟ್ಟಿದ ಶೆಡ್ಡಿನಲ್ಲಿದ್ದೆವು. ನಮ್ಮ ಪುಟ್ಟ ತಂಗಿ ಅನ್ನಾ ನಾಯಿಕೆಮ್ಮಲಿನಲ್ಲಿ ಹೋದದ್ದು ಅಲ್ಲೇ. ಅಪ್ಪ ಜೈಲಿನಲ್ಲಿದ್ದ, ಮಣ್ಣು ಹಾಕುವುದಕ್ಕೂ ಬಿಡಲಿಲ್ಲ. ಆ ಕಾನೂನಿನ ಹೆಸರು ಕೇಳಿದರೆ ಅಪ್ಪನಿಗೆ ಕಾಣುವುದು ಆ ಶೆಡ್ಡು. ಕೋಪ ಮಾಡಿಕೊಳ್ಳಬೇಡ.

ನನ್ನ ಮಟ್ಟಿಗೆ ಹೇಳುವುದಾದರೆ, ಗೆಲ್ಲು. ಯಾವ ದೊಣ್ಣೆಯಾದರೂ ಸರಿ.

ನಿನ್ನ ಅಕ್ಕ,
ವೆರೋನಾ


ನ್ಯೂಯಾರ್ಕ್
ಜೂನ್ 29, 1952

ಅಕ್ಕಾ,

ಅಪ್ಪನಿಗೆ ಹೇಳು, ಮೊದಲು ನಾನೂ ಯೂನಿಯನ್ನೇ ಕಟ್ಟೋಣ ಎಂದವನು. ಹೋದ ವರ್ಷ ಬಟ್ಟೆ ಬದಲಿಸುವ ಕೋಣೆಯಲ್ಲಿ ಎದ್ದು ನಿಂತು ಹೇಳಿದೆ. ಎಲ್ಲರೂ ಶೂ ದಾರ ಕಟ್ಟಿಕೊಳ್ಳಲು ಬಗ್ಗಿದರು. ಒಬ್ಬ ಮಾತ್ರ, "ಗಾವ್ಲಿಕ್, ಇದು ಗಣಿಯಲ್ಲ, ಆಟ" ಎಂದ. ಮಾಲೀಕರು ಕೋರ್ಟಿನಲ್ಲಿ ಹೇಳುವುದೂ ಇದೇ ಮಾತು.

ಪಟ್ಟಿಯೆಂದರೆ ಏನೆಂದು ಈ ತಿಂಗಳು ತಿಳಿಯಿತು. ನನಗೆ ಎಸೆಯದೆ ಇರಲಾಗುವುದಿಲ್ಲ, ಅದು ನಿನಗೆ ಗೊತ್ತು. ನದಿ ದಂಡೆಯ ಮೈದಾನದಲ್ಲಿ ಭಾನುವಾರ ಹಡಗುಕಟ್ಟೆಯವರೂ ಬೇಕರಿಯವರೂ ಆಡುತ್ತಾರೆ. ಬೇರೆ ಹೆಸರು ಹೇಳಿಕೊಂಡು ಸೇರಿದೆ. ಎರಡು ಸುತ್ತು ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಎದುರಿನ ತಂಡದವನೊಬ್ಬ ನನ್ನ ಕೈ ತಿರುಗುವುದನ್ನು ನೋಡಿ ಗುರುತು ಹಿಡಿದ. ಜಗಳವಿಲ್ಲ, ಬೈಗುಳವಿಲ್ಲ. ಅವನು ತನ್ನ ಕೈಗವಸು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ನಡೆದ. ಹಿಂದೆಯೇ ಇನ್ನೊಬ್ಬ, ಮತ್ತೊಬ್ಬ. ನನ್ನ ತಂಡದವರೂ ಹೋದರು. ಯಾಕೆಂದರೆ ನಿಯಮ ಹಾಗಿದೆ: ಪಟ್ಟಿಯಲ್ಲಿರುವವನ ಜೊತೆ ಆಡಿದವನೂ ಪಟ್ಟಿಗೆ, ಅವನ ಎದುರು ಆಡಿದವನೂ ಪಟ್ಟಿಗೆ. ಬೇಕರಿ ಹುಡುಗರಿಗೂ ಒಂದಲ್ಲ ಒಂದು ದಿನ ಯಾರಾದರೂ ತಮ್ಮನ್ನು ಕರೆದಾರು ಎಂಬ ಆಸೆ ಇರುತ್ತದಲ್ಲ. ನಾನೊಬ್ಬನೇ ಎಸೆತಗಾರನ ದಿಬ್ಬದ ಮೇಲೆ ಚೆಂಡು ಹಿಡಿದುಕೊಂಡು ನಿಂತಿದ್ದೆ. ನಾಚಿಕೆಯಾಯಿತು ಅಕ್ಕಾ. ಏನೂ ತಪ್ಪು ಮಾಡದೆ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಕ್ಲೀಟಸ್ ನೆನಪಿದೆಯಾ, ನಮ್ಮ ಮನೆಗೆ ಬಂದು ಅಷ್ಟು ಎಲೆಕೋಸಿನ ಹಾಲುಷ್ಕಿ ತಿಂದು ಹೋದವನು? ಐದು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು ನಾವು. ಮೊನ್ನೆ ಬೀದಿಯಲ್ಲಿ ಎದುರಾದ. ಆಚೆ ಬದಿಗೆ ದಾಟಿಕೊಂಡ. ಅಲ್ಲಿಂದ ಟೋಪಿ ಮುಟ್ಟಿದ, ಅಷ್ಟೇ.

ಎಮಿಲ್


ಹಾರ್ಕರ್ಸ್ ರನ್
ಆಗಸ್ಟ್ 3, 1952

ಎಮಿಲ್,

ಸಿಹಿ ಸುದ್ದಿ ಮೊದಲು. ನಮ್ಮ ರೂಡಿಯನ್ನು ಒಂದು ಕ್ಲಬ್ಬಿನವರು ತೆಗೆದುಕೊಂಡರು. ನಿನ್ನ ಕ್ಲಬ್ಬಲ್ಲ, ಬೇರೆ. ಕ್ಯಾಚರ್ ಆಗಿ, ಬರುವ ವಸಂತದಲ್ಲಿ ಹೋಗಬೇಕು. ಒಂದು ಕಿವಿ ಕೇಳುವುದಿಲ್ಲವೆಂದು ಸೈನ್ಯ ಬೇಡ ಎಂದವನನ್ನು ಚೆಂಡು ಹಿಡಿಯುವುದಕ್ಕೆ ಕಿವಿ ಯಾಕೆ ಎಂದು ಇವರು ಕರೆದರು. ಅಣ್ಣ ಕೋರ್ಟಿನಲ್ಲಿದ್ದಾನಲ್ಲ ಎಂದು ನಾನು ಕೇಳಿಯೂ ಕೇಳಿದೆ. ಆಳು ಹುಡುಕಿಕೊಂಡು ಬಂದಿದ್ದ ಆ ಮನುಷ್ಯ, "ಅಣ್ಣನ ಪಾಪ ಅಣ್ಣನಿಗೆ. ಇವನು ಅವನ ಜೊತೆ ಮೈದಾನಕ್ಕೆ ಇಳಿಯದೆ ಇದ್ರೆ ಸಾಕಮ್ಮ" ಎಂದ. ರೂಡಿ ಮೂರು ರಾತ್ರಿ ಆ ಕರಾರನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ. ಅಪ್ಪ ಏನೂ ಹೇಳಲಿಲ್ಲ, ಆದರೆ ಬಿಯರು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ಗೋಡೆ ಹೇಳಿರಬೇಕು.

ಎರಡನೆಯದು. ಸೆಪ್ಟೆಂಬರಿನ ಕಾರ್ಮಿಕರ ದಿನಕ್ಕೆ ಎಂದಿನಂತೆ ನಮ್ಮ ಯೂನಿಯನ್ನಿನವರಿಗೂ ಆಚೆ ಕಣಿವೆಯ ಗಣಿಯವರಿಗೂ ಪಂದ್ಯ. ನಿನ್ನೆ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದ, "ಅವನಿಗೆ ಬರಿ. ನಮಗೆ ಎಡಗೈ ಎಸೆತಗಾರ ಇಲ್ಲ ಅಂತ ಬರಿ."

"ಅಷ್ಟೇನಾ?" ಅಂದೆ.

"ಯೂನಿಯನ್ ಮೈದಾನದಲ್ಲಿ ಯಾವ ದೊರೆಯ ಪಟ್ಟಿಯೂ ನಡಿಯಲ್ಲ ಅಂತ ಬರಿ. ನಮ್ಮ ಹುಡುಗರು ಯಾರೂ ಕೈಗವಸು ಕಂಕುಳಿಗೆ ಸಿಕ್ಕಿಸ್ಕೊಂಡು ಹೋಗೋರಲ್ಲ ಅಂತಾನೂ ಬರಿ."

ಅಂದರೆ ನಿನ್ನ ಕಾಗದವನ್ನು ನಾನಿಲ್ಲದಾಗ ಯಾರ ಕೈಲೋ ಓದಿಸಿಕೊಂಡಿದ್ದಾನೆ. ಇದಕ್ಕಿಂತ ದೊಡ್ಡ ಕ್ಷಮೆಯನ್ನು ಅಪ್ಪನಿಂದ ನಿರೀಕ್ಷಿಸಬೇಡ. ಬಾ.

ವೆರೋನಾ


ನ್ಯೂಯಾರ್ಕ್
ಆಗಸ್ಟ್ 12, 1952

ಅಕ್ಕಾ,

ಬರುತ್ತೇನೆ. ನಿನ್ನ ಕಾಗದವನ್ನು ಮಾರುಕಟ್ಟೆಯ ತಣ್ಣನೆಯ ಗೋದಾಮಿನಲ್ಲಿ ನಿಂತುಕೊಂಡೇ ಮತ್ತೆ ಮತ್ತೆ ಓದಿದೆ.

ಒಂದೇ ಮಾತು. ರೂಡಿ ಮೈದಾನಕ್ಕೆ ಇಳಿಯಕೂಡದು. ಅಭ್ಯಾಸಕ್ಕೂ ಬೇಡ, ತಮಾಷೆಗೂ ಬೇಡ. ನನ್ನ ಜೊತೆ ಚೆಂಡು ಎಸೆದಾಡುವುದೂ ಬೇಡ. ಅಪ್ಪನಿಗೆ ತಿಳಿಯುವ ಹಾಗೆ ಹೇಳು. ಗಣಿಯವರಿಗೆ ಪಟ್ಟಿಯ ಭಯವಿಲ್ಲ, ಏಕೆಂದರೆ ಅವರನ್ನು ಯಾರೂ ಕರೆಯುವುದಿಲ್ಲ. ರೂಡಿಯನ್ನು ಕರೆದಿದ್ದಾರೆ.

ಎಮಿಲ್


ಹಾರ್ಕರ್ಸ್ ರನ್
ಸೆಪ್ಟೆಂಬರ್ 21, 1952

ಎಮಿಲ್,

ನೀನು ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಸರಿ. ಪಂದ್ಯದ ದಿನ ನಡೆದದ್ದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಅಪ್ಪ ಈಗ ಊರೆಲ್ಲ ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದಾನೆ. ಹೀಗೇ ಬಿಟ್ಟರೆ ಇನ್ನೊಂದು ವರ್ಷಕ್ಕೆ ಅದೇ ನಿಜವಾಗುತ್ತದೆ.

ನಿನ್ನ ಎಸೆತ ಹಿಡಿಯಲು ಹೋಗಿ ನಮ್ಮ ತಂಡದ ಕ್ಯಾಚರ್ ಪಾವೆಲ್ ಹ್ರೂಶ್ಕಾನ ಬೆರಳು ಸೀಳಿತು. ಪಾಪ, ಅವನಿಗೆ ಹಿಡಿದು ಅಭ್ಯಾಸವಿರುವುದು ಅವನ ಅತ್ತೆ ಎಸೆಯುವ ತಟ್ಟೆಗಳನ್ನು. ಬೇರೆ ಯಾರೂ ಮುಂದೆ ಬರಲಿಲ್ಲ. ಆಗ ಅಪ್ಪ ಬೆಂಚಿನ ಹತ್ತಿರ ಬಂದ. ನಾನು ಕೇಕು ಕೊಯ್ಯುವ ಚಾಕು ಹಿಡಿದು ಅಲ್ಲೇ ಇದ್ದೆ.

"ರೂಡಿ, ಎದ್ದೇಳು."

"ಆಗಲ್ಲಪ್ಪ. ಕರಾರಿದೆ."

"ನಿಮ್ಮಣ್ಣ ಅಲ್ಲಿ ಒಬ್ಬನೇ ನಿಂತಿದಾನೆ."

"ಕಾಣ್ತಿದೆ."

"ದೊರೆ ಹೆದರಿಸ್ತಾನೆ ಅಂತ ಅಣ್ಣನ್ನ ಬಿಟ್ಟು ಬೆಂಚಲ್ಲಿ ಕೂತೋನಿಗೆ ಈ ಊರಲ್ಲಿ ಏನಂತ ಕರೀತಾರೆ ಗೊತ್ತೇನೋ ನಿಂಗೆ?"

ಎಮಿಲ್, ಆ ಮಾತಿಗೆ ಬಿಯರು ಪೀಪಾಯಿಯ ಹತ್ತಿರ ಇದ್ದವರೂ ಲೋಟ ಕೆಳಗಿಟ್ಟು ತಿರುಗಿದರು. ಮುಷ್ಕರ ಮುರಿದವನು ಎಂಬ ಶಬ್ದ ನಮ್ಮೂರಲ್ಲಿ ತಂದೆ ಮಗನಿಗೆ ಹೇಳುವುದಲ್ಲ. ಹೇಳಿಸಿಕೊಂಡವನ ಮನೆಯ ಬಾವಿಯಲ್ಲಿ ಯಾರೂ ನೀರು ಸೇದುವುದಿಲ್ಲ. ನೀನು ದಿಬ್ಬದ ಮೇಲಿಂದ "ನಾನು ಎಸೆಯಲ್ಲ ಅಪ್ಪಾ" ಎಂದು ಚೆಂಡನ್ನು ನೆಲಕ್ಕಿಟ್ಟೆ. ಅದನ್ನು ನಾನು ಮರೆಯುವುದಿಲ್ಲ. ರೂಡಿ ಎದ್ದು ಹೋಗಿ ಆ ಚೆಂಡನ್ನೆತ್ತಿ ನಿನ್ನ ಕೈಗೆ ಕೊಟ್ಟ. "ಎಸಿ ಅಣ್ಣಾ. ಅಪ್ಪ ಆ ಮಾತು ಬಾಯಿಬಿಟ್ಟು ಹೇಳೋದ್ರೊಳಗೆ ಎಸಿ" ಅಂದನಂತೆ. ನೀನು ಎಸೆದೆ.

ಪಂದ್ಯ ಗೆದ್ದೆವು, ಏನು ಭಾಗ್ಯ! ಜಿಲ್ಲಾ ಪತ್ರಿಕೆಯವನು ಫೋಟೋ ತೆಗೆದ. ಅಣ್ಣತಮ್ಮ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತದ್ದು. ನಿಮ್ಮಿಬ್ಬರದೂ ಅಷ್ಟು ಚೆಂದದ ಫೋಟೋ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ಮಂಗಳವಾರ ರೂಡಿಯ ಕ್ಲಬ್ಬಿನಿಂದ ಕಾಗದ ಬಂತು. ಅನರ್ಹ ಆಟಗಾರನ ಜೊತೆ ಆಡಿದ್ದರಿಂದ ಅವನೂ ಅನರ್ಹ. ಎರಡೇ ಸಾಲು. ಅಪ್ಪ ಹೇಳಿಕೊಂಡು ತಿರುಗುತ್ತಿರುವುದು, "ಹುಡುಗ ತಾನಾಗೇ ಇಳಿದ, ರಕ್ತ ಎಳೀತು" ಎಂದು. ನನ್ನೆದುರಿಗೂ ಹಾಗೇ ಹೇಳಿದ. ನಾನು ಸೂಪಿನ ಪಾತ್ರೆಯನ್ನು ಅವನ ಮುಂದೆ ಕುಕ್ಕಿ ಹೊರಗೆ ಹೋದೆ.

ವೆರೋನಾ


ನ್ಯೂಯಾರ್ಕ್
ಅಕ್ಟೋಬರ್ 26, 1952

ಅಕ್ಕಾ,

ಚೆಂಡು ನೆಲಕ್ಕಿಟ್ಟದ್ದನ್ನು ಮರೆಯುವುದಿಲ್ಲ ಎಂದು ಬರೆದಿದ್ದೀಯ. ಆಮೇಲೆ ಎಸೆದೆನಲ್ಲ, ಅದನ್ನು ನಾನು ಮರೆಯುವುದಿಲ್ಲ.

ಏಬಲ್ಸನ್‌ಗೆ ಫೋಟೋ ತೋರಿಸಿದೆ. ಮನುಷ್ಯ ಕುರ್ಚಿಯಿಂದ ಎದ್ದುಬಿಟ್ಟರು. ಕಣ್ಣು ಹೊಳೆಯುತ್ತಿತ್ತು. "ನಿನ್ನ ಮೇಲೆ ಒಂದು ಕ್ಲಬ್ಬಿಗೆ ಸಿಟ್ಟು, ನಿನ್ನ ತಮ್ಮನಿಗೆ ಇನ್ನೊಂದು ಕ್ಲಬ್ಬು ಶಿಕ್ಷೆ ಕೊಡುತ್ತೆ! ಎಲ್ಲರೂ ಸೇರಿ ಸಂಚು ಮಾಡಿದಾರೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕೇನಯ್ಯಾ? ನಿನ್ನ ತಮ್ಮ ನಮ್ಮ ಕೈಗೆ ಸಿಕ್ಕ ಚಿನ್ನ" ಎಂದರು. ಒಳ್ಳೆಯ ಮನುಷ್ಯ, ಅಕ್ಕಾ. ನನ್ನಿಂದ ಇವತ್ತಿನವರೆಗೆ ಒಂದು ಕಾಸು ಕೇಳಿಲ್ಲ. ಆದರೂ ಅವರ ಮೇಜಿನ ಮೇಲಿನ ಬೂದಿಬಟ್ಟಲನ್ನು ಎತ್ತಿ ಗೋಡೆಗೆ ಒಗೆಯಬೇಕು ಅನ್ನಿಸಿತು.

ಮಾಲೀಕರಿಗೂ ಆ ಚಿನ್ನದ ಬೆಲೆ ಗೊತ್ತಾಗಿದೆ. ಹೋದ ವಾರ ಅವರ ವಕೀಲ ನನ್ನನ್ನು ಊಟಕ್ಕೆ ಕರೆದ. ನಾನು ದಾವೆ ವಾಪಸು ತೆಗೆದುಕೊಂಡರೆ ರೂಡಿಯ ಹೆಸರು ಪಟ್ಟಿಯಿಂದ ಹೋಗುತ್ತದೆ, ನನ್ನದೂ ಹೋಗುತ್ತದೆ. ತೆಗೆದುಕೊಳ್ಳದಿದ್ದರೆ ಇಬ್ಬರೂ ಇರುತ್ತೇವೆ. ಕೋರ್ಟು ಮುಗಿಯುವ ಹೊತ್ತಿಗೆ ರೂಡಿಗೆ ಎಷ್ಟು ವಯಸ್ಸಾಗಿರುತ್ತದೋ ಯಾರಿಗೆ ಗೊತ್ತು ಎಂದ. ಇದನ್ನೆಲ್ಲ ಬೆಣ್ಣೆ ದಾಟಿಸುತ್ತಾ ಹೇಳಿದ.

ಏಬಲ್ಸನ್ ಬೇಡವೇ ಬೇಡ ಎನ್ನುತ್ತಾರೆ. ಬೇರೆ ಊರುಗಳಲ್ಲಿಯೂ ಆಟಗಾರರು ದಾವೆ ಹಾಕಿದ್ದಾರಂತೆ. ನಮ್ಮಂಥ ಸಾಕ್ಷಿ ಯಾರ ಹತ್ತಿರವೂ ಇಲ್ಲವಂತೆ. ನಾನು ಬಿಟ್ಟರೆ ಅವರೂ ಬಡವಾಗುತ್ತಾರೆ.

ಅತ್ತ ದರಿ, ಇತ್ತ ಹುಲಿ. ಅಪ್ಪ ಏನನ್ನುತ್ತಾನೆ? ರೂಡಿ ಏನನ್ನುತ್ತಾನೆ?

ಎಮಿಲ್


ಹಾರ್ಕರ್ಸ್ ರನ್
ನವೆಂಬರ್ 23, 1952

ಎಮಿಲ್,

ರೂಡಿ ಗಣಿಗೆ ಇಳಿದಿದ್ದಾನೆ. ಯಾರೂ ಕಳಿಸಲಿಲ್ಲ, ತಾನೇ ಹೋಗಿ ಹೆಸರು ಕೊಟ್ಟ. ಮೊದಲ ದಿನ ಮನೆಗೆ ಬಂದಾಗ ಅಪ್ಪ ಅವನನ್ನು ನೋಡಿ, ಮುಖ ತೊಳೆಯುವ ನೀರನ್ನು ತಾನೇ ಕಾಯಿಸಿ ಕೊಟ್ಟ. ಅಮ್ಮ ಹೋದ ಮೇಲೆ ಆ ಮನುಷ್ಯ ಒಲೆ ಹತ್ತಿರ ಹೋದದ್ದನ್ನು ನಾನು ನೋಡಿರಲಿಲ್ಲ.

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. "ಬರಿ ಅವನಿಗೆ. ಬಿಟ್ಬಿಡು ಅಂತ ಬರಿ" ಅಂದ. ಪೆನ್ನು ತೆಗೆದುಕೊಂಡೆ. "ಬೇಡ. ಬರೀಬೇಡ" ಅಂದ. "ಅವನ ಜೊತೆ ಬೇರೆಯೋರೂ ಇದಾರಂತಲ್ಲ. ನನಗೆ ಆ ಕಾನೂನು ಕಂಡ್ರೆ ಆಗಲ್ಲ. ಆದ್ರೆ ಎಲ್ಲರೂ ನಿಂತಿರುವಾಗ ಒಬ್ಬನೇ ಹಿಂದಿನ ಬಾಗಿಲಿಂದ ಹೋಗಿ ರಾಜಿ ಮಾಡ್ಕೊಳ್ಳೋದು..." ಮುಂದೆ ಹೇಳಲಿಲ್ಲ. ಆ ಶಬ್ದ ಒಮ್ಮೆ ಬಾಯಿಗೆ ಬಂದು ಮಾಡಿದ ಅನಾಹುತ ಸಾಕಾಗಿರಬೇಕು.

ರೂಡಿ ಬರೆದ ಚೀಟಿ ಇದರೊಳಗಿದೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತು. ಅದರ ಮೇಲೆ ನನ್ನ ಮಾತನ್ನು ಇಟ್ಟು ಓದು. ಬಿಟ್ಟುಬಿಡು, ಎಮಿಲ್. ಶೆಡ್ಡಿನಲ್ಲಿ ಅನ್ನಾಳನ್ನು ಕೊನೆಯಲ್ಲಿ ಎತ್ತಿಕೊಂಡಿದ್ದವಳು ನಾನು. ಗೆದ್ದ ಮುಷ್ಕರವೂ ಸೋತ ಮುಷ್ಕರವೂ ಕೈಯಲ್ಲಿ ಮಗು ಇರುವವರಿಗೆ ಒಂದೇ ಥರ ಕಾಣುತ್ತದೆ. ಆ ಬೇರೆ ಆಟಗಾರರನ್ನು ನಾನು ಕಂಡಿಲ್ಲ. ರೂಡಿಯನ್ನು ಕಾಣುತ್ತಿದ್ದೇನೆ, ದಿನಾ ಕಪ್ಪಗಾಗಿ ಬರುತ್ತಾನೆ.

ವೆರೋನಾ

(ಚೀಟಿ)

ಅಣ್ಣಾ, ಹಿಂದೆ ತಗೋಬೇಡ. ನನ್ನನ್ನ ಸಾಕ್ಷಿಗೆ ಕರೆಸು. ಕೋರ್ಟಲ್ಲಿ ನಿಂತು ನಾನೇ ಹೇಳ್ತೀನಿ, ಫೋಟೋ ಹೇಳೋದು ಬೇಡ. ಗಣಿ ಅಷ್ಟೇನೂ ಕೆಟ್ಟದಲ್ಲ. ಅಕ್ಕನ ಮಾತು ಕೇಳ್ಬೇಡ, ಅವಳಿಗೆ ನಾನಿನ್ನೂ ತೊಟ್ಟಿಲಲ್ಲಿದೀನಿ. ರೂಡಿ.


ನ್ಯೂಯಾರ್ಕ್
ಜನವರಿ 18, 1953

ಅಕ್ಕಾ,

ಸಹಿ ಹಾಕಿದೆ.

ಎರಡು ಕಾಗದಗಳಿದ್ದವು. ಒಂದು ದಾವೆ ವಾಪಸಿಗೆ. ಇನ್ನೊಂದು ಪತ್ರಿಕೆಗಳಿಗೆ: ಬೇಸ್‌ಬಾಲ್ ಒಂದು ಕ್ರೀಡೆ, ವ್ಯಾಪಾರವಲ್ಲ, ನನ್ನನ್ನು ಸದಾ ನ್ಯಾಯವಾಗಿ ನಡೆಸಿಕೊಂಡಿದ್ದಾರೆ, ತಪ್ಪು ತಿಳುವಳಿಕೆಯಿಂದ ಕೋರ್ಟಿಗೆ ಹೋದೆ ಎಂದು ನನ್ನ ಹೆಸರಿನಲ್ಲಿ ಬರೆದದ್ದು. ಎರಡನೆಯದರ ಬಗ್ಗೆ ಮೊದಲು ಹೇಳಿರಲಿಲ್ಲ. ಮೊದಲನೆಯದಕ್ಕೆ ಸಹಿಯಾದ ಮೇಲೆ ಮುಂದಕ್ಕೆ ತಳ್ಳಿದರು. ಅದಕ್ಕೂ ಹಾಕಿದೆ.

ಏಬಲ್ಸನ್ ಬೈಯಲಿಲ್ಲ. ಟೋಪಿ ಹಾಕಿಕೊಂಡು, "ತಮ್ಮನನ್ನು ಕೇಳಿದೆಯಾ?" ಎಂದರು. ಕೇಳಿದೆ ಎಂದೆ. ಏನಂದ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನನ್ನು ಟೆಕ್ಸಾಸಿನ ಕೆಳಗಿನ ಲೀಗಿಗೆ ಹಾಕಿದ್ದಾರೆ. ಎಲ್ಲಿಂದ ಓಡಿದ್ದೆನೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ರೂಡಿಗೆ ಕಾಗದ ಬರುತ್ತದೆ. ಅವನು ಹೋಗಲಿ, ಆಡಲಿ. ಇಷ್ಟಾದರೂ ಆಗದಿದ್ದರೆ ನಾನು ಆ ಸಹಿ ಯಾಕೆ ಹಾಕಿದೆ?

ಎಮಿಲ್


ಹಾರ್ಕರ್ಸ್ ರನ್
ಜುಲೈ 12, 1953

ಎಮಿಲ್,

ಇಷ್ಟು ದಿನ ಬರೆಯಲಿಲ್ಲ, ಒಳ್ಳೆಯದೇನಾದರೂ ಕೂಡಿಕೊಂಡ ಮೇಲೆ ಬರೆಯೋಣ ಎಂದುಕೊಂಡಿದ್ದೆ.

ರೂಡಿ ಏಪ್ರಿಲ್‌ನಲ್ಲಿ ಹೋದ. ಹೋಗುವಾಗ ನಿನ್ನ ಹೆಸರೆತ್ತಲಿಲ್ಲ. "ಬೆಲೆ ಕೊಟ್ಟಾಗಿದೆಯಲ್ಲ, ಹೋಗ್ತೀನಿ" ಅಂದ. ಅಲ್ಲಿ ಚೆನ್ನಾಗಿಯೇ ಆಡಿದ. ಪತ್ರಿಕೆಯ ಚೂರುಗಳನ್ನು ಕಳಿಸುತ್ತಿದ್ದ, ಅಪ್ಪ ಅವನ್ನು ಟೋಪಿಯೊಳಗಿಟ್ಟುಕೊಂಡು ಗಣಿಗೆ ಹೋಗುತ್ತಿದ್ದ.

ಹೋದ ತಿಂಗಳು ಅವನನ್ನು ಬಿಟ್ಟುಬಿಟ್ಟರು. ಕಾರಣ ಕೇಳಿದರೆ ಕ್ಯಾಚರ್‌ಗಳು ಹೆಚ್ಚಾದರು ಎಂದರಂತೆ. ಹಾಗಾದರೆ ಬೇರೆ ತಂಡಕ್ಕೆ ಹೋಗುತ್ತೇನೆ ಎಂದರೆ, ತಂಡದ ಮುಖ್ಯಸ್ಥ ಅವನ ಬೆನ್ನು ತಟ್ಟಿ, "ಮನೆಗೆ ಹೋಗು ಮಗಾ, ಗಾವ್ಲಿಕ್ ಅನ್ನೋ ಹೆಸರಿಗೆ ಯಾರೂ ಬಾಗಿಲು ತೆಗಿಯಲ್ಲ" ಎಂದನಂತೆ. ನಿನ್ನ ದಾವೆ ಹೋಯಿತು, ಅವನ ಕೆಲಸವೂ ಮುಗಿಯಿತು. ಏರು ಹತ್ತಿದ ಮೇಲೆ ಏಣಿ ಒದ್ದರು.

ಕರಾರನ್ನು ನಾನು ಈಗ ಪೂರ್ತಿ ಓದಿದೆ. ಮೊದಲೇ ಓದಬೇಕಿತ್ತು. ಅವರಿಗೆ ನೀನು ಬೇಡವಾದರೆ ಹತ್ತು ದಿನದ ನೋಟಿಸು ಸಾಕು. ನಿನಗೆ ಅವರು ಬೇಡವಾದರೆ ಜೀವಮಾನ ಸಾಲದು. ಇರಬೇಕು ಎಂದವನನ್ನು ಓಡಿಸಿದರು, ಹೋಗುತ್ತೇನೆ ಎಂದ ನಿನ್ನನ್ನು ಕಟ್ಟಿ ಹಾಕಿದ್ದಾರೆ. ಬಿಟ್ಟುಬಿಡು ಎಂದು ನಿನಗೆ ಬರೆದವಳು ನಾನು ಎಂದು ರೂಡಿಗೆ ಹೇಳಿದೆ. "ಗೊತ್ತು" ಅಂದ. ಅವತ್ತಿಂದ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ, ಉಪ್ಪು ಕೊಡು, ಬಾಗಿಲು ಹಾಕು.

ಸೋಮವಾರ ಮತ್ತೆ ಗಣಿಗೆ ಇಳಿದ.

ವೆರೋನಾ


ಟೆಕ್ಸಾಸ್
ನವೆಂಬರ್ 15, 1953

ಅಕ್ಕಾ,

ನೀನೂ ಓದಿರುತ್ತೀಯ. ಬೇರೆಯವರು ನಡೆಸಿದ ದಾವೆಗಳಿಗೆ ದೊಡ್ಡ ಕೋರ್ಟು ಈ ವಾರ ತೀರ್ಪು ಕೊಟ್ಟಿತು. ಹಳೆಯ ತೀರ್ಪು ಹಾಗೇ ಇರಲಿ, ಅದು ತಪ್ಪೆನಿಸಿದರೆ ಸಂಸತ್ತು ಹೊಸ ಕಾನೂನು ಮಾಡಲಿ ಎಂದರು. ಇಷ್ಟೊಂದು ಜನರ ಬದುಕಿಗೆ ಒಂದೇ ಒಂದು ಸಣ್ಣ ಪ್ಯಾರಾ. ಆಟ ಈಗಲೂ ವ್ಯಾಪಾರವಲ್ಲ.

ಏಬಲ್ಸನ್ ಒಂದು ಸಾಲು ಬರೆದಿದ್ದರು: "ನೀನಿದ್ದಿದ್ದರೂ ಸೋಲುತ್ತಿದ್ದೆವೋ ಏನೋ." ಆ ಏನೋ ಎಂಬುದನ್ನು ಅವರು ಬರೆಯದಿದ್ದರೆ ಚೆನ್ನಾಗಿತ್ತು. ನಾನೂ ರೂಡಿಯೂ ಒಟ್ಟಿಗೆ ನ್ಯಾಯಾಧೀಶರ ಮುಂದೆ ನಿಂತಿದ್ದರೆ ಏನಾಗುತ್ತಿತ್ತು ಎಂದು ಆಟವಿಲ್ಲದ ಈ ತಿಂಗಳುಗಳಲ್ಲಿ ಕೂಲಿಗೆ ಹತ್ತಿಯ ಗೋದಾಮಿನಲ್ಲಿ ಮೂಟೆ ಎಣಿಸುವಾಗಲೂ ತಲೆಯಲ್ಲಿ ಓಡುತ್ತಿರುತ್ತದೆ.

ಭುಜ ಹೋಗಿದೆ, ಅಕ್ಕಾ. ಬಾಚಣಿಗೆ ಎತ್ತುವುದಕ್ಕೂ ನೋವು. ಆದರೂ ಕ್ಲಬ್ಬಿನವರು ನನ್ನ ಹೆಸರು ಬಿಟ್ಟಿಲ್ಲ. ಈ ಚಳಿಗಾಲದ ಕರಾರಿಗೆ ಸಹಿ ಹಾಕುವುದಿಲ್ಲ. ಈ ಸಲ ಕೋರ್ಟಿಲ್ಲ, ವಕೀಲನಿಲ್ಲ, ಸುಮ್ಮನೆ ಮನೆಗೆ ಬರುತ್ತೇನೆ. ಗಣಿಯಲ್ಲಿ ಕೆಲಸ ಕಡಿಮೆ, ಹೊಸಬರಿಗೆ ಕಾರ್ಡು ಕೊಡಬೇಕಾದರೆ ಯೂನಿಯನ್ ಸಭೆ ಕೈಯೆತ್ತಬೇಕು ಎಂದು ಗೊತ್ತು. ಅಪ್ಪ ನನ್ನ ಹೆಸರು ಹೇಳುತ್ತಾನಾ, ಕೇಳಿ ನೋಡು. ರೂಡಿಯ ಪಕ್ಕ ನಿಂತು ಸಲಿಕೆ ಹಿಡಿಯುವುದಾದರೆ ನನಗೆ ಅಷ್ಟೇ ಸಾಕು.

ಎಮಿಲ್


ಹಾರ್ಕರ್ಸ್ ರನ್
ಡಿಸೆಂಬರ್ 6, 1953

ಎಮಿಲ್,

ನಿನ್ನೆ ಸಭೆಯಾಯಿತು. ಹೆಂಗಸರನ್ನು ಒಳಗೆ ಬಿಡುವುದಿಲ್ಲ, ನಾನು ಕಿಟಕಿಯ ಹೊರಗೆ ಹಿಮದಲ್ಲಿ ನಿಂತು ನೋಡಿದೆ.

ಕೆಲವರು ನಿನ್ನ ಹೆಸರಿಗೆ ತಕರಾರು ತೆಗೆದರು. ಒಬ್ಬನೇ ರಾಜಿ ಮಾಡಿಕೊಂಡವನು, ದೊರೆ ನನ್ನನ್ನು ಚೆನ್ನಾಗಿ ನೋಡಿಕೊಂಡ ಅಂತ ಪತ್ರಿಕೆಯಲ್ಲಿ ಬರೆಸಿದವನು, ನಾಳೆ ಮುಷ್ಕರದಲ್ಲಿ ಏನು ಮಾಡಿಯಾನು ಎಂದರು. ಹ್ರೂಶ್ಕಾ ಆ ಹೊಲಿಗೆ ಹಾಕಿದ ಬೆರಳನ್ನೇ ಎತ್ತಿ ತೋರಿಸಿ, "ನನಗೇನೂ ದ್ವೇಷ ಇಲ್ಲ, ಆದ್ರೆ ಕೇಳಬೇಕಾದ ಮಾತು" ಅಂದ. ಆಗ ಅಪ್ಪ ಎದ್ದ. ಕೆಮ್ಮಿ ಕೆಮ್ಮಿ ನಿಂತ.

"ಅವತ್ತು ಮೈದಾನದಲ್ಲಿ ಚಿಕ್ಕವನನ್ನ ಇಳಿಸಿದ್ದು ನಾನು. ಅವನು ಇಳೀಲಿಲ್ಲ, ನಾನು ಇಳಿಸ್ದೆ. ದೊಡ್ಡವನು ಸಹಿ ಹಾಕಿದ್ದು ಅದಕ್ಕೆ. ಬೈಯೋದಿದ್ರೆ ಇಲ್ಲಿದೀನಿ, ಬೈರಿ" ಎಂದು ಮೊದಲು ತನ್ನ ಕೈಯನ್ನೇ ಎತ್ತಿದ. ಒಬ್ಬೊಬ್ಬರಾಗಿ ಎತ್ತಿದರು. ಹ್ರೂಶ್ಕಾನೂ ಎತ್ತಿದ. ನಿನಗೆ ಕಾರ್ಡು ಸಿಕ್ಕಿತು.

ರೂಡಿ ಕೈ ಎತ್ತಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಹೊರಗೆ ಬಂದಾಗ ತೋಳು ಹಿಡಿದು ನಿಲ್ಲಿಸಿದೆ. "ನಿನಗಾಗಿ ಅಲ್ಲವೇನೋ ಅಣ್ಣ ಅಷ್ಟೆಲ್ಲ ಬಿಟ್ಟದ್ದು?" ಎಂದು ಕೂಗಿದೆ, ಊರಿಗೆಲ್ಲ ಕೇಳಿರಬೇಕು. ಅವನು ಕೂಗಲಿಲ್ಲ. ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಹೇಳಿದ:

"ಬೇಡ ಅಂತ ಬರ್ದಿದ್ದೆ ಅಕ್ಕಾ. ನಿಂತು ಹೇಳ್ತೀನಿ, ಕರೆಸು ಅಂತ ಬರ್ದಿದ್ದೆ. ಕ್ಲಬ್ಬಿನೋರು ನನ್ನ ತಗೊಂಡ್ರು, ಬಿಟ್ರು, ತಗೊಂಡ್ರು, ಬಿಟ್ರು, ಒಂದು ಸಲಾನೂ ನನ್ನ ಕೇಳ್ಲಿಲ್ಲ. ಅಪ್ಪಾನೂ ಕೇಳ್ಲಿಲ್ಲ. ಅಣ್ಣ ಒಬ್ಬ ಕೇಳ್ದ. ಕೇಳಿ, ನಾನು ಹೇಳಿದ್ದನ್ನ ಮಡಚಿಟ್ಟು, ಅವರು ಹೇಳಿದ್ದಕ್ಕೆ ಸಹಿ ಹಾಕ್ದ. ಬರಲಿ. ಮನೆ ಅವನದ್ದೂ ಹೌದು. ನಾನು ರಾತ್ರಿ ಪಾಳಿಗೆ ಹೆಸರು ಬದಲಾಯಿಸ್ಕೊಂಡು ಬಂದೆ."

ನಿನಗೆ ಸಿಕ್ಕಿರುವುದು ಹಗಲು ಪಾಳಿ. ಹಗಲಿನವರು ಮೇಲೆ ಬರುವಾಗ ರಾತ್ರಿಯವರು ಕೆಳಗಿಳಿಯುತ್ತಾರೆ. ಲಿಫ್ಟಿನ ಬಾಯಲ್ಲಿ ಎದುರಾಗುತ್ತಾನೆ, ನಿನ್ನ ಮುಖದ ತುಂಬ ಮಸಿ ಇರುತ್ತದೆ, ನೀನೇ ಮಾತಾಡಿಸು. ಉತ್ತರ ಕೊಡದಿದ್ದರೂ ದಿನಾ ಮಾತಾಡಿಸು. ನಿನ್ನ ಹಾಸಿಗೆಯನ್ನು ಅವನ ಕೋಣೆಯಿಂದ ತೆಗೆದು ಅಡುಗೆಮನೆಯ ಪಕ್ಕಕ್ಕೆ ಹಾಕಿದ್ದೇನೆ. ಶನಿವಾರದ ಬಸ್ಸಿಗೆ ಬಾ.

ನಿನ್ನ ಅಕ್ಕ,
ವೆರೋನಾ